ನೀಲವ್ವನ ರಕ್ತ ಮತ್ತು ನನ್ನ ಕೀಲಿಕೈ

ರಕ್ತನಿಧಿಯ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಆಗಾಗ ಹುಬ್ಬಳ್ಳಿಯ ಬೆಂಗೇರಿಯ ನಮ್ಮ ಮನೆಗೆ ಬರುತ್ತಾರೆ. ಯಾವ ಪುಸ್ತಕ ಓದಬೇಕು, ಯಾವ ಪರೀಕ್ಷೆ ಕಟ್ಟಬೇಕು ಎಂದು ಕೇಳುತ್ತಾರೆ. ನಾನು ಅವರ ಕೈಗೆ ರಕ್ತದ ಚೀಲಕ್ಕೆ ಅಂಟಿಸುವ ಒಂದು ಲೇಬಲ್ ಕೊಟ್ಟು, "ಇದರಾಗ ಏನ ತಪ್ಪೈತಿ ಹೇಳ್ರಿ" ಎನ್ನುತ್ತೇನೆ. ಅದರಲ್ಲಿ ತಪ್ಪೇ ಇರುವುದಿಲ್ಲ. ಹತ್ತು ನಿಮಿಷ ತಿರುವಿ ಮುರುವಿ ನೋಡಿ "ಏನೂ ಸಿಗವಲ್ದ್ರಿ" ಎಂದವರಿಗೆ ಚಹಾ ಸಿಗುತ್ತದೆ. ಒಂದೇ ನೋಟಕ್ಕೆ "ಎಲ್ಲಾ ಬರೋಬ್ಬರಿ ಐತ್ರಿ" ಎಂದವರಿಗೂ ಚಹಾ ಸಿಗುತ್ತದೆ. ಆದರೆ ಅವರ ಜೊತೆ ಮಾತು ಅಲ್ಲಿಗೇ ಮುಗಿಯುತ್ತದೆ.

ನಾನು ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಊರಿನವನು. ನಮ್ಮವ್ವ ವಾರಕ್ಕೊಮ್ಮೆ ಬೆಂಗೇರಿ ಸಂತೆಗೆ ಒಣಮೆಣಸಿನಕಾಯಿ ಹೊತ್ತು ತರುತ್ತಿದ್ದಳು. ನಮ್ಮ ಹೊಲದ್ದು ಸಾಲದಾದಾಗ ಬೇರೆಯವರ ಚೀಲವನ್ನೂ ಕೊಂಡು ಮಾರುತ್ತಿದ್ದಳು. ಹಾಗೆ ಕೊಳ್ಳುವಾಗ ಚೀಲದೊಳಗೆ ಮೊಳಕೈವರೆಗೆ ತೋಳು ಇಳಿಸಿ ತಳದ ಕಾಯಿ ಎತ್ತುತ್ತಿದ್ದಳು. "ಮ್ಯಾಲಿಂದು ಮಂದಿಗೆ ತೋರಸಾಕ ಇಟ್ಟೀಯೋ ಯಪ್ಪಾ, ತಳದಾಗಿಂದರ ಮಾತಾಡು" ಎನ್ನುವಳು. ನನ್ನ ಕಾಲೇಜು ಅದೇ. ಆಮೇಲೆ ಹುಬ್ಬಳ್ಳಿಯ ಒಂದು ಲ್ಯಾಬಿನಲ್ಲಿ ಬಾಟಲಿ ತೊಳೆಯಲು ಸೇರಿದೆ, ತೊಳೆಯುತ್ತಲೇ ಡಿಪ್ಲೊಮಾ ಮಾಡಿಕೊಂಡೆ, ಕಡೆಗೆ ಒಂದು ಖಾಸಗಿ ಆಸ್ಪತ್ರೆಯ ರಕ್ತನಿಧಿಯಲ್ಲಿ ನೆಲೆನಿಂತೆ. ಬಡ್ತಿಗಳ ಕಥೆ ಬಿಡಿ. ಕುರ್ಚಿ ಬದಲಾದರೂ ನಾನು ಮಾಡಿದ್ದು ಒಂದೇ ಕೆಲಸ: ಯಾರು ಏನು ಹೇಳಿದರೂ ತಳದಲ್ಲಿ ಏನಿದೆ ಎಂದು ನೋಡುವುದು.

ಆಗೆಲ್ಲ ಯೋಜಿತ ಆಪರೇಶನ್ ಅಂದರೂ ಪದ್ಧತಿ ಒಂದೇ ಇತ್ತು. ಎರಡು ಚೀಲ ರಕ್ತ ಬೇಕೆಂದರೆ ಇಬ್ಬರು ಸಂಬಂಧಿಕರು ಬಂದು ಎರಡು ಚೀಲ ಕೊಡಬೇಕು. ಸಂಬಂಧಿಕರೇನೋ ಬರುತ್ತಿದ್ದರು, ಆದರೆ ಎಂಥ ಸಂಬಂಧಿಕರು! ಒಬ್ಬ ಮನುಷ್ಯ ಒಂದು ತಿಂಗಳಲ್ಲಿ ಒಬ್ಬಳಿಗೆ ತಮ್ಮನಾಗಿ, ಇನ್ನೊಬ್ಬರಿಗೆ ಅಳಿಯನಾಗಿ ಬಂದ. ಎರಡನೆಯ ಸಲ ಮುಖ ಎಲ್ಲೋ ನೋಡಿದಂತಾಯಿತು. ಮೂರನೆಯ ಸಲ ಮತ್ತೊಬ್ಬಳ ತಮ್ಮನೆಂದು ಬಂದಾಗ ಕುರ್ಚಿಯ ಮೇಲೆ ಕೂರಿಸಿ ಕೇಳಿದೆ:

"ನಿಮ್ಮ ಅಕ್ಕನ ಗಂಡನ ಹೆಸರೇನ್ರಿ?"

"ಹೆಸರ ಹಿಡದ ಕರಿಯೂದಿಲ್ರಿ. ಮಾಮಾ ಅಂತೇವಿ."

"ಛಲೋ ಆತು. ನಿಮ್ಮ ಮಾಮಾ ಈಗ ಎಲ್ಲದಾರ?"

"ಊರಾಗ ಅದಾರ್ರಿ. ಹೊಲದ ಕೆಲಸ ಭಾಳ ಐತಿ."

ಆ ಮಾಮಾ, ಅಂದರೆ ರೋಗಿಯ ಗಂಡ, ಅವನ ಪಕ್ಕದ ಕುರ್ಚಿಯಲ್ಲೇ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನೂ ತಲೆ ಎತ್ತಲಿಲ್ಲ. ನಾನು ಇಬ್ಬರನ್ನೂ ಎಬ್ಬಿಸಿ ಕಳಿಸಿದೆ. ಆ ಬಾಡಿಗೆ ತಮ್ಮನ ಮೊಳಕೈಯ ಒಳಬದಿಯಲ್ಲಿ ರಕ್ತ ಮಾರಿ ಮಾರಿ ಬಿದ್ದಿದ್ದ ಸೂಜಿಗುರುತುಗಳನ್ನು ಮೊದಲ ದಿನವೇ ನೋಡಬೇಕಾಗಿತ್ತು, ನೋಡಿರಲಿಲ್ಲ. ಅಂದಿನಿಂದ ನಾನು ದಾನಿಯ ಮುಖಕ್ಕಿಂತ ಮೊದಲು ತೋಳು ನೋಡುತ್ತೇನೆ. ನೀವೂ ನೋಡಿ.

ಡಾಕ್ಟರ್ ಸುಮಂಗಲಾ ಬಂದದ್ದು ಇದಾದ ಎಷ್ಟೋ ವರ್ಷಗಳ ಮೇಲೆ. ಅರಿವಳಿಕೆ ಕೊಡುವ ಡಾಕ್ಟರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಧಾರವಾಡದವರು. ಎತ್ತರದ ದನಿಯಲ್ಲಿ ಮಾತನಾಡಿದವರಲ್ಲ. ಒಂದು ದಿನ ರಕ್ತನಿಧಿಗೆ ಬಂದು ಸ್ಟೂಲಿನ ಮೇಲೆ ಕೂತರು.

"ಮಲ್ಲಪ್ಪಣ್ಣಾ, ಮಂಡಿ ಆಪರೇಶನ್, ಚಪ್ಪಿ ಆಪರೇಶನ್ ಯಾವತ್ತು ಅಂತ ನಮಗ ತಿಂಗಳ ಮೊದಲಽ ಗೊತ್ತಿರತೈತಿ. ಅಲ್ಲೀತನಕಾ ಸುಮ್ಮನ ಕುಂತು, ಆ ದಿನ ಬ್ಯಾರೇದವರ ತೋಳು ಹುಡುಕ್ಕೋಂತ ಅಡ್ಡಾಡೂದು ಯಾಕ?"

"ಮತ್ತೇನ ಮಾಡೂಣ್ರಿ?"

ಅವರು ಹೇಳಿದ್ದು ಇಷ್ಟು. ರಕ್ತ ಕಡಿಮೆ ಇದ್ದವರಿಗೆ ಮೊದಲು ಕಬ್ಬಿಣಾಂಶ ಕೊಟ್ಟು ರಕ್ತದ ಮಟ್ಟ ಏರಿಸುವುದು. ಏರಿದ ಮೇಲೆ, ತಡೆಯುವ ಶಕ್ತಿ ಇದ್ದವರಿಂದ ಅವರದೇ ಒಂದು ಚೀಲ ರಕ್ತ ತೆಗೆದಿಟ್ಟು ಆಪರೇಶನ್ ದಿನ ಅವರಿಗೇ ಕೊಡುವುದು. ಆಪರೇಶನ್ನಿನಲ್ಲಿ ರಕ್ತ ಸೋರುವುದನ್ನು ತಗ್ಗಿಸುವ ಇಂಜೆಕ್ಷನ್ ಹಾಕುವುದು. ಅಷ್ಟಾಗಿಯೂ ಸೋರಿದ ರಕ್ತವನ್ನು ಯಂತ್ರದಲ್ಲಿ ಹೀರಿ, ತೊಳೆದು, ತಿರುಗಿ ಅವರ ನರಕ್ಕೇ ಬಿಡುವುದು. ನಾನು ಎಲ್ಲಕ್ಕೂ ಹೂಂಗುಟ್ಟಿದೆ. ಮನಸ್ಸಿನೊಳಗೆ ಮಾತ್ರ ಒಂದೇ ಪ್ರಶ್ನೆ: ಇದರಿಂದ ಲಾಭ ಯಾರಿಗೆ?

ಅವರದೇ ರಕ್ತ ತೆಗೆದಿಡುವುದನ್ನು ಒಬ್ಬ ಡ್ರಿಲ್ ಮಾಸ್ತರರಿಂದ ಶುರು ಮಾಡಿದೆವು. ಗಟ್ಟಿ ಆಳು, ಮಂಡಿ ಮಾತ್ರ ಸವೆದಿತ್ತು. ಒಂದು ಚೀಲ ತೆಗೆದು, 'ಇವರಿಗೆ ಮಾತ್ರ' ಎಂದು ಹಸಿರು ಚೀಟಿ ಕಟ್ಟಿ ಫ್ರಿಜ್ಜಿನಲ್ಲಿಟ್ಟೆವು. ಆಪರೇಶನ್ ದಿನ ನೋಡಿದರೆ ಚೀಲ ಇಲ್ಲ. ಮಾಸ್ತರರು ಹಾಸಿಗೆಯ ಮೇಲೆ ಹಸಿರು ಗೌನು ಹಾಕಿಕೊಂಡು ಕೂತು ಗುಡುಗಿದರು: "ನನ್ನ ರಕ್ತ ಈಗ ಯಾರ ಮೈಯಾಗ ಓಡ್ಯಾಡಾಕತ್ತೈತಿ, ಅಷ್ಟರ ಹೇಳ್ರಿ!"

ನಾನು ಒಂದು ವಾರ ಎಲ್ಲರನ್ನೂ ಅನುಮಾನಿಸಿದೆ. ರಾತ್ರಿಪಾಳಿಯವನನ್ನು, ಕಸ ಗುಡಿಸುವಾಕೆಯನ್ನು, ಫ್ರಿಜ್ಜು ರಿಪೇರಿಗೆ ಬಂದವನನ್ನು. ಕಡೆಗೆ ವಿತರಣೆಯ ರಜಿಸ್ಟರಿನಲ್ಲಿ ಕೆಳಗಿನ ಸಹಿ ನೋಡಿದೆ. ನನ್ನದೇ. ನಮ್ಮಲ್ಲಿ ಅವಧಿ ಮೊದಲು ಮುಗಿಯುವ ಚೀಲ ಮೊದಲು ಹೊರಗೆ ಹೋಗಬೇಕು, ಇಲ್ಲವಾದರೆ ರಕ್ತ ದಂಡವಾಗುತ್ತದೆ. ಆ ರೂಢಿಯಲ್ಲಿ ನನ್ನ ಕೈಗೆ ಕಣ್ಣೇ ಬೇಕಾಗಿರಲಿಲ್ಲ. ಗಡಿಬಿಡಿಯ ಮಧ್ಯಾಹ್ನದಲ್ಲಿ ಹಿಂದಕ್ಕೆ ಮಡಚಿಕೊಂಡಿದ್ದ ಹಸಿರು ಚೀಟಿ ನೋಡದೆ, ಅದೇ ಗುಂಪಿನ ಬೇರೊಬ್ಬನಿಗೆ ಕೊಟ್ಟುಬಿಟ್ಟಿದ್ದೆ. ರಕ್ತ ಹೊಂದಿತ್ತು, ತಪಾಸಣೆಯೂ ಆಗಿತ್ತು, ಅವನಿಗೆ ಕೇಡೇನೂ ಆಗಲಿಲ್ಲ. ಮಾಸ್ತರರ ಆಪರೇಶನ್ ಮುಂದೆ ಹೋಯಿತು. ತಮ್ಮದೇ ರಕ್ತ ಅಂದಮೇಲೆ ಹೆದರಿಕೆಯೇ ಇಲ್ಲ ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಲಿ. ರಕ್ತ ನಿಮ್ಮದೇ ಇದ್ದರೂ ಅದನ್ನು ಎತ್ತಿಕೊಡುವ ಕೈ ಬೇರೆಯವರದು.

ಇದರಿಂದ ನಾನು ಪಾಠವನ್ನೇನೋ ಕಲಿತೆ, ಆದರೆ ಸೊಟ್ಟಗೆ ಕಲಿತೆ. ತಪ್ಪು ಮಾಡಿದ್ದು ನಾನು, ಬೀಗ ಹಾಕಿದ್ದು ಉಳಿದವರಿಗೆ.

ಗೋಕುಲ ರಸ್ತೆಯ ಒಂದು ವರ್ಕ್‌ಶಾಪಿಗೆ ಹೋಗಿ, ಫ್ರಿಜ್ಜಿನೊಳಗೆ ಕೂರುವಂಥ ಸ್ಟೀಲ್ ಸಳಿಯ, ಅಂದರೆ ಸರಳುಗಳ, ಪೆಟ್ಟಿಗೆ ಮಾಡಿಸಿದೆ. ತಣ್ಣನೆಯ ಗಾಳಿ ಆಡಬೇಕು, ಒಳಗಿನ ಚೀಲ ಹೊರಗೆ ಕಾಣಬೇಕು, ಕೈ ಮಾತ್ರ ತೂರಬಾರದು. ವರ್ಕ್‌ಶಾಪಿನವನು ತೆಳ್ಳನೆಯ ಸಳಿ ತೋರಿಸಿದ. ನಾನು ಬಾಗಿಸಿ ನೋಡಿದೆ.

"ಇದು ಬಗ್ಗತೈತಿ. ದಪ್ಪಂದು ಹಾಕು."

"ಒಳಗ ಬಂಗಾರ ಇಡಾವ್ರೇನ್ರಿ?"

"ಬಂಗಾರ ಹ್ವಾದ್ರ ಮತ್ತ ತರಬಹುದು. ದಪ್ಪಂದು ಹಾಕು, ತೆಳ್ಳಂದರ ರೇಟಿಗೆ ಹಾಕು."

ಹಾಗೇ ಹಾಕಿಸಿಕೊಂಡು ಬಂದೆ. ಬೀಗಕ್ಕೆ ಎರಡು ಕೀಲಿಕೈ ಬಂದಿದ್ದವು. ಒಂದನ್ನು ಮನೆಯ ಟ್ರಂಕಿನ ತಳಕ್ಕೆ ಹಾಕಿದೆ, ಒಂದು ನನ್ನ ಕಿಸೆಯಲ್ಲಿ. ಸುಮಂಗಲಾ ಮೇಡಂ "ಇನ್ನೊಂದನ್ನ ಶಾರದಾನ ಕೈಯಾಗ ಕೊಡ್ರಿ" ಎಂದರು. ಶಾರದಾ ನನ್ನ ಕೈಕೆಳಗಿನ ಟೆಕ್ನಿಶಿಯನ್, ಹತ್ತು ವರ್ಷದಿಂದ ಇದ್ದವಳು, ಒಂದು ಕೊಳವೆಯನ್ನೂ ಹೆಸರು ಬರೆಯದೆ ಕೆಳಗಿಟ್ಟವಳಲ್ಲ. ಆದರೂ ನಾನು ಕೊಡಲಿಲ್ಲ. ಬದಲಿಗೆ ಗೋಡೆಗೆ ಒಂದು ಕಾಗದ ಅಂಟಿಸಿದೆ: 'ಈ ಪೆಟ್ಟಿಗೆಯ ಚೀಲವನ್ನು ಫೋನಿನಲ್ಲಿ ಯಾರೇ ಹೇಳಿದರೂ, ನಾನೇ ಹೇಳಿದರೂ, ತೆಗೆಯತಕ್ಕದ್ದಲ್ಲ.' ಕೆಳಗೆ ಸಹಿ.

ರಕ್ತ ತೊಳೆಯುವ ಯಂತ್ರ ಬಂದದ್ದೂ ಆ ದಿನಗಳಲ್ಲೇ. ಮಾರಲು ಬಂದವನು ಟೈ ಕಟ್ಟಿಕೊಂಡಿದ್ದ, ಬೆಂಗಳೂರಿನ ಕಡೆಯ ಕನ್ನಡ. "ನೂರಕ್ಕೆ ನೂರು ಸೇಫ್ ಸರ್. ಯಾವ ಪೇಷಂಟಿಗಾದ್ರೂ ಹಾಕಬಹುದು."

"ಕೀವು ತುಂಬಿದ ಗಾಯದಾಗಿಂದ ರಕ್ತ ತೊಳದ ಹಾಕತೀರೇನು?"

"ಇಲ್ಲ ಸರ್, ಸೋಂಕು ಇದ್ದ ಕಡೆ ಬೇಡ."

"ಕ್ಯಾನ್ಸರ್ ಗಡ್ಡಿ ತಗಿಯೂ ಮುಂದ?"

"ಅಲ್ಲಿ ಡಾಕ್ಟರು ವಿಚಾರ ಮಾಡಬೇಕು ಸರ್."

"ಮತ್ತ ನಿಮ್ಮ ನೂರು ಎಲ್ಲಿ ಹೋತ್ರಿ?"

ಅವನು ನಕ್ಕ. ನಕ್ಕವನನ್ನು ನಾನು ಬಿಡುವುದಿಲ್ಲ. ಅವಧಿ ಮುಗಿದ ಒಂದು ಚೀಲವನ್ನು ಬೋಗುಣಿಗೆ ಸುರಿಸಿ, ಅದರಲ್ಲಿ ಸಲೈನ್ ಬೆರೆಸಿ, "ಈಗ ತೊಳದ ತೋರಸ್ರಿ" ಎಂದೆ. ಯಂತ್ರ ಹೀರಿತು, ಗರಗರ ತಿರುಗಿತು, ಕೆಂಪು ಕಣಗಳನ್ನು ಉಳಿಸಿಕೊಂಡು ಕೊಳೆನೀರನ್ನು ಬೇರೆ ಚೀಲಕ್ಕೆ ದೂಡಿತು. ಬಂದದ್ದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ. ಕಣಗಳು ಚೆನ್ನಾಗಿಯೇ ಇದ್ದವು. ಅಷ್ಟಾದರೂ ನನಗೆ ನಂಬಿಕೆ ಬರಲಿಲ್ಲ. ಬೋಗುಣಿಯಲ್ಲಿ ಬಿದ್ದದ್ದು ಬೇರೆ, ಬದುಕಿದ ಮನುಷ್ಯನ ಮೈಯಿಂದ ಸೋರಿದ್ದು ಬೇರೆ. ಜಗ್ಗಾಡಿ ಜಗ್ಗಾಡಿ, ಕೊಳ್ಳದೆಯೇ ಮೂರು ತಿಂಗಳು ಇಟ್ಟುಕೊಂಡು ನೋಡುತ್ತೇವೆ, ನಮ್ಮವರಿಗೆ ನಡೆಸಲು ಕಲಿಸಬೇಕು, ಒಬ್ಬರಿಗೆ ಬಳಸಿ ಬಿಸಾಡುವ ಕೊಳವೆ ಬಟ್ಟಲುಗಳ ಜೋಡಣೆಯನ್ನೂ ಕೊಡಬೇಕು ಎಂದು ಒಪ್ಪಿಸಿದೆ. ಮೂರು ತಿಂಗಳಲ್ಲಿ ಅದನ್ನು ಬಳಸಿದ್ದು ಕಡಿಮೆ, ಧೂಳು ಒರೆಸಿದ್ದೇ ಹೆಚ್ಚು. ತಿರುಗಿ ಒಯ್ಯಲು ಆ ಮನುಷ್ಯನಿಗೆ ಒಂದು ಬುಧವಾರ ಗೊತ್ತು ಮಾಡಿದೆ.

ಮೇಡಂ ಬಂದು ಹೇಳಿದರು: "ಗುರುವಾರ ಸಂಜೀತನಕಾ ಇರಲಿ ಮಲ್ಲಪ್ಪಣ್ಣಾ. ಗುರುವಾರ ನೀಲವ್ವಂದು ಐತಿ."

ನೀಲವ್ವ ಬೆಂಗೇರಿಯವಳೇ, ನಮ್ಮ ಮನೆಯಿಂದ ನಾಲ್ಕು ಓಣಿ ಆಚೆ. ಆರು ಹೆಂಗಸರನ್ನು ಕಟ್ಟಿಕೊಂಡು ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಿದ್ದಳು. ಮೂವತ್ತು ವರ್ಷ ಒಲೆಯ ಮುಂದೆ ಒಂದೇ ಮಗ್ಗುಲಿಗೆ ಕೂತು ಚಪ್ಪೆಯ ಕೀಲು, ತೊಡೆಯ ಬುಡದ್ದು, ಸವೆದುಹೋಗಿತ್ತು. ಕೂತರೆ ಏಳಲಾರಳು, ಎದ್ದರೆ ಗೋಡೆ ಹಿಡಿಯದೆ ಒಂದು ಹೆಜ್ಜೆ ಇಡಲಾರಳು. ಬದಲಿ ಕೀಲು ಕೂರಿಸಿದರೆ ನೆಲದ ಮೇಲೆ ಕೂರುವಂತಿಲ್ಲ ಎಂದು ಡಾಕ್ಟರು ಹೇಳಿದಾಗ ಅವಳ ಉತ್ತರ ತಯಾರಿತ್ತು: "ಕಟ್ಟಿ ಎತ್ತರ ಮಾಡಸ್ತೇನ್ರಿ. ನಿಂತ ಬಡೀತೇನಿ. ನಾ ನಿಂದರಲಿಲ್ಲಂದ್ರ ನನ್ನ ಆರೂ ಮಂದಿ ಮನಿಗೆ ಹೋಗಬೇಕಾಕ್ಕೈತಿ."

ತೊಡಕು ರಕ್ತದಲ್ಲಿತ್ತು. ಹೆರಿಗೆಗಳಲ್ಲಿ ಅವಳಿಗೆ ಎರಡು ಸಲ ಬೇರೆಯವರ ರಕ್ತ ಕೊಟ್ಟಿದ್ದರು. ಅವಳ ಮೈ ಅದನ್ನು ಮರೆತಿರಲಿಲ್ಲ. ಹೊರಗಿನ ರಕ್ತ ಬಂದರೆ ಒಡೆಯುವಂಥ ಪ್ರತಿಕಾಯಗಳನ್ನು ಬೆಳೆಸಿಕೊಂಡಿತ್ತು. ಗುಂಪು ಒಂದೇ ಇದ್ದರೂ ನಮ್ಮ ಫ್ರಿಜ್ಜಿನ ಯಾವ ಚೀಲವೂ ಹೊಂದಲಿಲ್ಲ. ಕೊಳವೆ ಅಲುಗಾಡಿಸಿದರೆ ಪ್ರತಿ ಸಲವೂ ಕೆಂಪು ಗಂಟುಗಳು. ಅವಳಿ ನಗರದ ಬೇರೆ ರಕ್ತನಿಧಿಗಳಲ್ಲೂ ನೋಡಿಸಿದೆ, ಸಿಗಲಿಲ್ಲ. ಅಂದರೆ ಮೇಜಿನ ಮೇಲೆ ರಕ್ತ ಹೆಚ್ಚು ಹೋದರೆ ಅವಳಿಗೆ ಕೊಡಲು ಇದ್ದದ್ದು ಅವಳದೇ ರಕ್ತ ಒಂದೇ. ಅದೂ ಕಡಿಮೆ. ಹಿಮೋಗ್ಲೋಬಿನ್ ಒಂಬತ್ತು.

ಮೇಡಂ ಕಬ್ಬಿಣದ ಗುಳಿಗೆ ಕೊಟ್ಟರು. ತಿಂಗಳಾದರೂ ಒಂಬತ್ತು ಒಂಬತ್ತೇ. ಆಕೆ ಗುಳಿಗೆ ಗಟಾರಕ್ಕೆ ಹಾಕುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಒಂದು ಮಧ್ಯಾಹ್ನ ಹೇಳದೆ ಕೇಳದೆ ಅವಳ ಮನೆಗೆ ಹೋದೆ. ರೊಟ್ಟಿ ಬಡಿಯುವುದು ನಿಂತಿತ್ತು, ಏಳೂ ಜನ ಚಹಾಕ್ಕೆ ಕೂತಿದ್ದರು. ನೀಲವ್ವ ತಾಟಿನಲ್ಲಿ ಗುಳಿಗೆಯ ಪಟ್ಟಿ ಹರಿದು ಎಲ್ಲರ ಬಶಿಗೆ ಒಂದೊಂದು ಇಡುತ್ತಿದ್ದಳು.

"ಏನ ನಡಸೀಯವಾ ಇದು?"

"ಇವರೂ ಬಿಳಚಿಗೊಂಡಾರ ನೋಡ್ರಿ. ನನಗೊಬ್ಬಾಕಿಗೇ ರಕ್ತ ಬೇಕೇನು?"

"ಹಂಚಾಕ ಇದೇನು ಮಠದ ಪ್ರಸಾದೇನು?"

"ಕೊಟ್ಟ ಗುಳಿಗಿ ನಂದು. ಹೆಂಗ ತಿಂದರ ನಿಮಗೇನ್ರಿ ತ್ರಾಸು?"

"ತಿನ್ನೂದೂ ಚಹಾದ ಕೂಡ! ಚಹಾ ಕುಡದ್ರ ಕಬ್ಬಿಣ ಮೈಗೆ ಹತ್ತೂದಿಲ್ಲ. ಮುಂದೊಂದ ತಾಸು, ಹಿಂದೊಂದ ತಾಸು ಚಹಾ ಮುಟ್ಟಬ್ಯಾಡ."

ಏಳೂ ಜನ ಬಶಿ ಕೆಳಗಿಟ್ಟು ನನ್ನನ್ನೇ ನೋಡಿದರು. ಅವರಲ್ಲೊಬ್ಬಳು, "ಚಹಾ ಬಿಟ್ಟು ಬದುಕಿದ್ರ ಅದೇನ ಬದುಕ್ರಿ?" ಎಂದಳು. ಎಲ್ಲರೂ ನಕ್ಕರು. ಗುಳಿಗೆ ಚೆಲ್ಲುವವಳನ್ನು ಹಿಡಿಯಲು ಹೋದವನು ಆ ಆರೂ ಜನರ ರಕ್ತ ಪರೀಕ್ಷೆ ಮಾಡಿಸಿ ಅವರವರ ಚೀಟಿ ಅವರವರಿಗೆ ಬರೆಸಬೇಕಾಯಿತು. ನೀಲವ್ವನ ಕಣ್ಣು ಸುಳ್ಳು ಹೇಳಿರಲಿಲ್ಲ. ಆರರಲ್ಲಿ ನಾಲ್ವರಿಗೆ ನಿಜಕ್ಕೂ ರಕ್ತ ಕಡಿಮೆ ಇತ್ತು.

ಆಮೇಲೆ ಮೇಡಂ ಗುಳಿಗೆಯನ್ನು ನೆಚ್ಚಲಿಲ್ಲ. ಆಸ್ಪತ್ರೆಗೇ ಕರೆಸಿ ಕಬ್ಬಿಣಾಂಶವನ್ನು ಸಲೈನಿನ ಜೊತೆ ನರಕ್ಕೆ ಹಾಕಿದರು. ಕೆಲವು ವಾರಗಳಲ್ಲಿ ರಕ್ತ ಹನ್ನೊಂದು ದಾಟಿ ಹನ್ನೆರಡರ ಹತ್ತಿರ ಬಂತು. ಒಂದೇ ಒಂದು ಚೀಲ ತೆಗೆದೆವು. ಎರಡು ಬೇಡ, ಮೈ ಮತ್ತೆ ತುಂಬಿಕೊಳ್ಳಲು ಸಮಯ ಬೇಕು ಎಂದರು ಮೇಡಂ. ಚೀಲದ ಆಯುಷ್ಯ ಮೂವತ್ತೈದು ದಿನ, ಆಪರೇಶನ್ ಹದಿನೇಳನೆಯ ದಿನಕ್ಕೆ ಗೊತ್ತಾಯಿತು.

ನೀಲವ್ವ ಹಸಿರು ಚೀಟಿಯ ಮೇಲೆ ತಾನೇ ಸಹಿ ಮಾಡಿದಳು. ಅಕ್ಷರ ಒಂದೊಂದೂ ರೊಟ್ಟಿಯಷ್ಟು ದುಂಡಗೆ. ನಾನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕುವವರೆಗೂ ಗೋಡೆ ಹಿಡಿದು ನಿಂತಿದ್ದಳು.

"ಕೀಲಿಕೈ ಯಾರ ಕಡೆ ಇರತೈತ್ರಿ?"

"ನನ್ನ ಕಡೆ. ಬ್ಯಾರೆ ಯಾರ ಕಡೇನೂ ಇಲ್ಲ."

"ನೀವು ಸತ್ರ?"

ಶಾರದಾ ಬಾಯಿಗೆ ಸೆರಗು ಹಿಡಿದಳು. ನಾನೂ ನಕ್ಕು ಕೀಲಿಕೈಯನ್ನು ಕಿಸೆಗೆ ಹಾಕಿಕೊಂಡೆ.

ಆ ಗುರುವಾರ ಬೆಳಿಗ್ಗೆ ನನಗೆ ಧಾರವಾಡದಲ್ಲಿ ಕೆಲಸವಿತ್ತು. ಹೆಂಡತಿಯ ತಮ್ಮನ ಮಗಳ ಲಗ್ನದ ಮಾತುಕತೆ. ಬೀಗರ ಬಾಯಿ ದೊಡ್ಡದು, ಚೌಕಾಶಿಗೆ ನಾನೇ ಬೇಕೆಂದು ಮನೆಯವರ ಹಟ. ನೀಲವ್ವನ ಆಪರೇಶನ್ ಹನ್ನೊಂದಕ್ಕೆ, ಹತ್ತೂವರೆಗೆ ತಿರುಗಿ ಬರುತ್ತೇನೆ ಎಂದು ಲೆಕ್ಕ ಹಾಕಿ ಹೋದೆ. ಬೀಗರು ಹುಡುಗನ ಕಡೆಯಿಂದ ಎಷ್ಟು ಮಂದಿ ಊಟಕ್ಕೆ ಬರುವುದು ಎಂಬಲ್ಲಿ ಸಿಕ್ಕಿಕೊಂಡಿದ್ದರು. ನಾನು ಐನೂರಿನಿಂದ ಮುನ್ನೂರಕ್ಕೆ ಇಳಿಸುವಷ್ಟರಲ್ಲಿ ಫೋನು ಬಂತು.

"ಸರ್, ಶಾರದಾ. ನೀಲವ್ವನ ಚೀಲ ಕೇಳಾಕತ್ತಾರ್ರಿ. ಕೀಲು ಎಲುಬಿಗೆ ಕಚ್ಚಿ ಕುಂತಿತ್ತಂತ, ಬಿಡಸೂ ಮುಂದ ರಕ್ತ ಭಾಳ ಹೊಂಟೈತಂತ."

"ಹನ್ನೊಂದಕ್ಕಲ್ಲೇನು?"

"ಮೊದಲನೇದವರಿಗೆ ಜ್ವರಾ ಬಂದು ಅವರದು ರದ್ದಾತ್ರಿ. ಎಂಟೂವರಿಗೇ ಇವರನ್ನ ಒಯ್ದಾರ. ಒಯ್ಯೂ ಮುಂದ ಚೀಲ ಐತೇನು ಅಂತ ಕೇಳಿದ್ರು. ಸಳಿಯೊಳಗ ಕಾಣಾಕತ್ತಿತ್ತು, ಐತಿ ಅಂದೆ. ನೀವು ಇಷ್ಟೊತ್ತಿಗೆ ದಾರ್ಯಾಗ ಇರತೀರಿ ಅಂತ ಮಾಡಿದ್ದೆ."

ನಾನು ಕಿಸೆಗೆ ಕೈ ಹಾಕಿದೆ. ಕೀಲಿಕೈ ಬೆಚ್ಚಗಿತ್ತು.

"ಪೆಟ್ಟಿಗಿ ಒಡಿ."

"ಹೆಂಗ ಒಡೀಲ್ರಿ ಸರ್?"

"ಶಾರದಾ, ಒಡಿ ಅಂದೆ!"

"ಸರ್, ಗ್ವಾಡಿ ಮ್ಯಾಲ ನೀವಽ ಬರದೀರಿ. 'ನಾನೇ ಹೇಳಿದರೂ' ಅಂತ. ಯಾಕ ಹಂಗ ಅಂತ ಕೇಳಿದ್ದಕ್ಕ, ಯಾರರ ನನ್ನ ಕುತ್ತಿಗಿ ಹಿಡದು ಹೇಳಸಿದ್ರ ಅಂದಿದ್ರಿ."

"ಈಗ ಯಾರೂ ಹಿಡದಿಲ್ಲವಾ ತಾಯಿ!"

"ಹಿಡದಿದ್ರೂ ನೀವು ಹಿಂಗಽ ಅಂತೀರಿ, ಅಂತನೂ ನೀವಽ ಹೇಳಿದ್ರಿ."

ಹತ್ತು ವರ್ಷ ನಾನು ಕಲಿಸಿದ್ದನ್ನು ಅವಳು ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದಳು. ಅವಳೇ ದಾರಿ ಹುಡುಕಿದಳು. "ಮೇಡಂ ಒಂದ ಚೀಟಿ ಬರದು ಸಹಿ ಮಾಡ್ಲಿ ಸರ್. ಒಡೀತೇನಿ." ಫೋನಿಟ್ಟು ಓಡಿದಳು.

ಬೀಗರು "ಮುನ್ನೂರಕ್ಕ ಒಂದಿಪ್ಪತ್ತು ಕೂಡಸ್ರಿ" ಎನ್ನುತ್ತಿದ್ದಂತೆಯೇ ನಾನು ಎದ್ದೆ. ಚಪ್ಪಲಿ ಅದಲುಬದಲಾಗಿದ್ದು ಬಸ್ಸು ಹತ್ತಿದ ಮೇಲೆ ಗೊತ್ತಾಯಿತು. ನವನಗರ ಬಂತು, ಉಣಕಲ್ಲು ಬಂತು. ಎರಡು ಸಲ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಕೊಳವೆಯಲ್ಲಿ ಕಂಡ ಆ ಕೆಂಪು ಗಂಟುಗಳು ಕಣ್ಣ ಮುಂದೆ ಬರುತ್ತಿದ್ದವು. ಅಲ್ಲಿ ಯಾರಾದರೂ ಗಾಬರಿಯಲ್ಲಿ ಬೇರೆಯವರ ಚೀಲ ಹಾಕಿಬಿಟ್ಟರೆ? ಹಾಕದೆ ಸುಮ್ಮನಿದ್ದರೆ? ಸಂತೆಯ ಚೀಲದ ತಳ ನೋಡಲು ಗೊತ್ತಿದ್ದ ನನಗೆ ನನ್ನ ಕಿಸೆಯ ತಳ ಕಂಡಿರಲಿಲ್ಲ.

ಓಡಿಕೊಂಡು ರಕ್ತನಿಧಿಗೆ ಹೋದೆ. ಆಸ್ಪತ್ರೆಯ ಮೆಕ್ಯಾನಿಕ್ ಕೈಗರಗಸ ಹಿಡಿದು ಫ್ರಿಜ್ಜಿನ ಮುಂದೆ ಬೆವರುತ್ತಿದ್ದ. ಸುತ್ತಿಗೆಯ ಏಟಿಗೆ ಪೆಟ್ಟಿಗೆಯ ಮೂಲೆ ತಗ್ಗಾಗಿತ್ತು. ಎರಡು ಸಳಿ ಮಾತ್ರ ತುಂಡಾಗಿದ್ದವು. ಶಾರದಾ ಮೇಡಂ ಬರೆದ ಚೀಟಿಯನ್ನು ನನ್ನ ಕೈಗೆ ಕೊಟ್ಟು, "ಭಾಳ ಗಟ್ಟಿ ಮಾಡಸೀರಿ ಬಿಡ್ರಿ" ಎಂದಳು. ಅವಳ ಕಣ್ಣು ಕೆಂಪಾಗಿತ್ತು.

ಬೀಗ ತೆರೆದೆ. ಶಾರದಾ ಚೀಟಿ ಓದಿದಳು, ನಾನು ಲೇಬಲ್ ಓದಿದೆ, ಮತ್ತೆ ಅವಳು ಲೇಬಲ್, ನಾನು ಚೀಟಿ. ಅಷ್ಟು ಅವಸರದಲ್ಲೂ ಅದನ್ನು ಬಿಡಲಿಲ್ಲ, ಅದೊಂದು ಸರಿ ಮಾಡಿದೆವು. ಚೀಲವನ್ನು ತಂಪು ಪೆಟ್ಟಿಗೆಯಲ್ಲಿಟ್ಟುಕೊಂಡು ಥಿಯೇಟರಿನ ಬಾಗಿಲಿಗೆ ಹೋದೆ. ಒಳಗಿನಿಂದ ಗರಗರ ಸದ್ದು ಕೇಳುತ್ತಿತ್ತು. ಬೋಗುಣಿಯ ದಿನ ಕೇಳಿದ್ದ ಅದೇ ಸದ್ದು.

ಮೇಡಂ ಬಾಗಿಲು ಅರ್ಧ ತೆರೆದರು. ಮುಖವಾಡದ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು.

"ಸದ್ಯ ಅದು ಬ್ಯಾಡ ಮಲ್ಲಪ್ಪಣ್ಣಾ, ವಾಪಸ್ ಇಟ್ಟು ತಯಾರ ಇರ್ರಿ. ಸೋರಿದ್ದನ್ನೆಲ್ಲಾ ಮಷಿನ್ ಹಿಡದೈತಿ. ತೊಳದು ಎರಡ ಸಲ ಆಕಿಗೇ ಹಾಕಿದಿವಿ. ಬಿಪಿ ಬರೋಬ್ಬರಿ ಐತಿ."

"ಮೇಡಂ, ನಾನು..."

"ಆಮ್ಯಾಲ ಮಾತಾಡೂಣು."

ಬಾಗಿಲು ಮುಚ್ಚಿತು. ಮೇಡಂ ಒಂದು ಮಾತು ಹೇಳದೆ ಹೋಗಿದ್ದರೆ ಬುಧವಾರವೇ ಆ ಯಂತ್ರ ವ್ಯಾನು ಹತ್ತಿ ಹೋಗಿರುತ್ತಿತ್ತು. ನಾನು ಗೋಡೆಗೆ ಒರಗಿ ನಿಂತೆ. ಕಾಲಲ್ಲಿ ಬೀಗರ ಮನೆಯ ಯಾರದೋ ಚಪ್ಪಲಿ.

ಮೇಡಂ ಆಮೇಲೆಯೂ ಆ ಮಾತು ಎತ್ತಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ನಾನೇ ವರದಿ ಬರೆದು, ತಪ್ಪು ಯಾರದು ಎಂದು ಹೆಸರು ಹಾಕಿ ಸಹಿ ಮಾಡಿ ಕೊಟ್ಟೆ. ಟ್ರಂಕಿನ ತಳದ ಕೀಲಿಕೈ ತಂದು ಶಾರದಾಳ ಕೈಗಿಟ್ಟೆ. ಗೋಡೆಯ ಕಾಗದ ಹರಿದು ಹೊಸದು ಬರೆದೆವು: ಇಬ್ಬರ ಹತ್ತಿರ ಕೀಲಿಕೈ, ತೆಗೆಯುವಾಗ ಇಬ್ಬರ ಕಣ್ಣು, ಮತ್ತು ಚೀಲ ಕಂಡರೆ ಸಾಲದು, ಪೆಟ್ಟಿಗೆ ತೆರೆದು ಚೀಲ ಕೈಯಲ್ಲಿ ಹಿಡಿದ ಮೇಲೆಯೇ ಥಿಯೇಟರಿಗೆ 'ಇದೆ' ಎನ್ನಬೇಕು. ಯಂತ್ರವನ್ನು ಕೊಳ್ಳಲು ನಾನೇ ಶಿಫಾರಸು ಬರೆದೆ. ಟೈ ಕಟ್ಟಿದವನು ಖುಷಿಯಿಂದ ಕೈ ಕುಲುಕಿದ. 'ಯಾವ ಪೇಷಂಟಿಗಾದರೂ' ಎಂಬ ಸಾಲನ್ನು ಅವನ ಕಾಗದದಿಂದ ಹೊಡೆದು ಹಾಕಿದ ಮೇಲೆಯೇ ಸಹಿ ಮಾಡಿದೆ.

ಹೊಸಬರೇ, ಅನುಮಾನ ಬಿಡಿ ಎಂದು ನಾನು ಹೇಳುವುದಿಲ್ಲ. ದಾನಿಯನ್ನು ಅನುಮಾನಿಸಿ, ಲೇಬಲನ್ನು ಅನುಮಾನಿಸಿ, ನೂರಕ್ಕೆ ನೂರು ಎ‌ನ್ನುವವನನ್ನು ಎರಡು ಸಲ ಅನುಮಾನಿಸಿ. ಪಟ್ಟಿಯಲ್ಲಿ ನಿಮ್ಮ ಹೆಸರನ್ನೂ ಬರೆದುಕೊಳ್ಳಿ, ಅಷ್ಟೇ. ನಾನು ಅದನ್ನು ಬರೆಯಲು ಮರೆತಿದ್ದೆ.

ಆಪರೇಶನ್ ಆದ ಹದಿನೆಂಟನೆಯ ದಿನ, ಅಂದರೆ ಚೀಲದ ಅವಧಿಯ ಕಡೆಯ ದಿನ, ನೀಲವ್ವ ಡಾಕ್ಟರಿಗೆ ತೋರಿಸಲು ಬಂದಳು. ತೋರಿಸಿಕೊಂಡು ಮನೆಗೆ ಹೋಗಲಿಲ್ಲ. ಹೊರರೋಗಿ ವಿಭಾಗದಿಂದ ರಕ್ತನಿಧಿಗೆ ಉದ್ದನೆಯ ಓಣಿಯಂಥ ಹಾದಿ. ಗಾಲಿಕುರ್ಚಿ ಬೇಡವೆಂದು, ವಾಕರ್ ಊರಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಗೋಡೆಯನ್ನು ಒಂದು ಸಲವೂ ಮುಟ್ಟಲಿಲ್ಲ.

"ನನ್ನ ಚೀಲ ತೋರಸ್ರಿ. ಹಾಕಿಲ್ಲ ಅಂತ ಮೇಡಂ ಅಂದ್ರು. ಹಾಕಿಲ್ಲಂದ್ರ ಎಲ್ಲೈತಿ?"

ಶಾರದಾ ತನ್ನ ಕೀಲಿಕೈಯಿಂದ ಪೆಟ್ಟಿಗೆ ತೆರೆದಳು. ನೀಲವ್ವ ಹಸಿರು ಚೀಟಿ ತಿರುವಿ ತನ್ನ ಸಹಿಯ ಒಂದೊಂದು ಅಕ್ಷರವನ್ನೂ ನೋಡಿದಳು.

"ಬ್ಯಾರೆ ಯಾರಿಗರ ಬಡವರಿಗೆ ಹಾಕ್ರಲ್ಲ."

"ಹಂಗ ಹಾಕಾಕ ಬರಂಗಿಲ್ಲವಾ. ಸ್ವಂತಕ್ಕಂತ ತಗದಿದ್ದು ಬ್ಯಾರೇದವರಿಗಿಲ್ಲ. ಇವತ್ತಿಗೆ ಅವಧಿ ಮುಗೀತು, ನಾಶ ಮಾಡಬೇಕು."

"ನನ್ನ ಮುಂದ ಮಾಡ್ರಿ."

ಅವಳ ಮುಂದೆಯೇ ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹಾಕಿ ಕಟ್ಟಿದೆವು. ಆಗ ನಾನು ಧಾರವಾಡದ ಸಂಗತಿ ಹೇಳಿದೆ, ಪೂರ್ತಿ, ಕೀಲಿಕೈ, ಸಳಿ, ಬಸ್ಸು, ಎಲ್ಲ. ಅವಳು ವಾಕರಿನ ಮೇಲೆ ಎರಡೂ ಕೈ ಊರಿ ಕೇಳಿಸಿಕೊಂಡಳು.

"ನೀವು ಸತ್ರ ಏನ ಮಾಡೂದು ಅಂತ ನಾ ಕೇಳಿದ್ದೆ," ಎಂದಳು. "ನೀವು ಸಾಯಲಿಲ್ಲ. ಧಾರವಾಡಕ್ಕ ಹೋಗಿದ್ರಿ."

ಶಾರದಾ ಈ ಸಲ ಸೆರಗು ಹಿಡಿಯದೆಯೇ ನಕ್ಕಳು. ನಾನು ಕುರ್ಚಿ ಎಳೆದು, ಎತ್ತರಕ್ಕೆ ಎರಡು ದಿಂಬು ಹಾಕಿ ನೀಲವ್ವನನ್ನು ಕೂರಿಸಿದೆ. ಕ್ಯಾಂಟೀನಿನಿಂದ ಮೂರು ಚಹಾ ತರಿಸಿ, ಒಂದನ್ನು ಅವಳ ಮುಂದಿಟ್ಟೆ. ಒಳ್ಳೆಯ ಕಡಕ್ ಚಹಾ, ಯಾಲಕ್ಕಿ ಹಾಕಿದ್ದು.

ಅವಳು ಬಶಿಯನ್ನು ಬೆರಳ ತುದಿಯಿಂದ ನನ್ನ ಕಡೆ ದೂಡಿದಳು.

"ಗುಳಿಗಿ ಈಗಽ ನುಂಗಿ ಬಂದೇನ್ರಿ. ಇನ್ನೂ ಒಂದ ತಾಸು ಮುಟ್ಟಂಗಿಲ್ಲ." ಆಮೇಲೆ ನನ್ನ ಮುಖವನ್ನೇ ನೋಡಿದಳು. "ಯಾಕ್ರಿ, ನನ್ನ ಪರೀಕ್ಷಾ ಮಾಡಾಕತ್ತೀರೇನು?"

ಹೌದು, ಮಾಡುತ್ತಿದ್ದೆ.